ಒಲೆ ಒಂದೇನಾ, ಬ್ಯಾರೆನಾ?

ಮಧುಗಿರಿ
೬ ನವೆಂಬರ್ ೧೯೮೭, ಶುಕ್ರವಾರ

ನಮ್ಮ ಮನೆಯವರಿಗೆ,

ಒಂದು ಮಾತನ್ನು ಬರೆಯದೆ ಬಿಟ್ಟುಬಿಡುವುದರಲ್ಲಿದ್ದೆ: ನಿಮ್ಮ ಲೆಕ್ಕವೇ ಸರಿ. ಗ್ಯಾಸೇ ಅಗ್ಗ.

ನೀವು ಶಿರಾದಿಂದ ಬರೆದ ಕಾಗದವನ್ನು ಎದುರಿಗಿಟ್ಟುಕೊಂಡು ನನ್ನ ಕರೆಂಟ್ ಬಿಲ್ಲುಗಳನ್ನು ನೋಡಿದೆ. ನನ್ನೊಬ್ಬಳ ಅಡುಗೆಗೆ ಒಂದು ಸಿಲಿಂಡರ್ ಎರಡು ತಿಂಗಳು ದಾಟಿ ಬಂದೀತು. ಅದರ ತಿಂಗಳ ಪಾಲಿಗಿಂತ ಈ ಕರೆಂಟ್ ಒಲೆಗೆ ಏಳೆಂಟು ರೂಪಾಯಿ ಹೆಚ್ಚೇ ಬೀಳುತ್ತಿದೆ. ತಳ ಚಪ್ಪಟೆಯಿಲ್ಲದ ಪಾತ್ರೆ ಇದರ ಮೇಲೆ ನಿಲ್ಲುವುದಿಲ್ಲ. ಮುದ್ದೆ ತೊಳಸಲು ಹೋದರೆ ಒಲೆಯೂ ಪಾತ್ರೆಯ ಜೊತೆ ತಿರುಗುತ್ತದೆ. ಸಂಜೆ ವೋಲ್ಟೇಜ್ ಇಳಿದರೆ ಅನ್ನ ಬೇಯುವಷ್ಟರಲ್ಲಿ ಹಸಿವೇ ಹೋಗಿರುತ್ತದೆ.

ಆದರೂ ಬೆಳಗಿನ ಹೊತ್ತು ಇದರ ಮುಂದೆ ಕೂರುವುದು ನನಗೆ ಇಷ್ಟ. ಕಿಟಕಿಯಾಚೆ ಬೆಟ್ಟದ ಬಂಡೆ ಮಂಜಿನಲ್ಲಿ ಅರ್ಧ ಕರಗಿರುತ್ತದೆ. ಒಲೆಯ ಸುರುಳಿ ಒಂದು ತುದಿಯಿಂದ ಕೆಂಪಾಗುತ್ತಾ ಬರುತ್ತದೆ. ಎಲ್ಲಿ ಶುರುವಾಯಿತೆಂದು ಹುಡುಕುವಷ್ಟರಲ್ಲಿ ಸುತ್ತೆಲ್ಲ ಹರಡಿರುತ್ತದೆ. ಆಗ ನಾನು ಯಾವ ವರ್ಷದಲ್ಲಿದ್ದೇನೆ ಎಂಬುದೇ ಮರೆಯುತ್ತದೆ. ಬಚ್ಚಲಲ್ಲಿ ನೀವು ನೀರು ಹುಯ್ದುಕೊಳ್ಳುತ್ತಿರುವಂತೆ, ಇನ್ನೇನು ಕಾಫಿ ಕೇಳುವಂತೆ. ಉರಿ ಸಣ್ಣ ಮಾಡೋಣವೆಂದು ಕೈ ಚಾಚುತ್ತೇನೆ. ಈ ಒಲೆಗೆ ತಿರುವಲು ಗುಂಡಿಯೇ ಇಲ್ಲ.

ಇದು ಕನಸೋ, ಬರೀ ಅಭ್ಯಾಸವೋ? ನಾಲ್ಕು ವರ್ಷದ ಹಿಂದೆ ನಿಮಗೆ ವರ್ಗವಾದಾಗ ನಾವು ಜಗಳವನ್ನೂ ಆಡಲಿಲ್ಲ. ನಾನು ನನ್ನ ಶಾಲೆ ಬಿಟ್ಟು ಬರಲಿಲ್ಲ, ನೀವು ಕರೆಯಲಿಲ್ಲ. ನೀವು ಬರುತ್ತಿದ್ದ ಭಾನುವಾರಗಳು ತಿಂಗಳಿಗೊಂದಾದವು, ಆಮೇಲೆ ಕಾಗದಗಳಾದವು. ಈಚಿನ ಕಾಗದದಲ್ಲಿ ಆ ಲೆಕ್ಕ ಬಿಟ್ಟರೆ ನೀವು ಬರೆದದ್ದು ಇಷ್ಟೇ: ಒಂದು ರೇಷನ್ ಕಾರ್ಡಿಗೆ ಒಂದೇ ಗ್ಯಾಸ್, ನಮ್ಮ ಕಾರ್ಡಿನ ಮೇಲೆ ನೀವು ಶಿರಾದಲ್ಲಿ ತೆಗೆದುಕೊಂಡಾಗಿದೆ, ನನಗೂ ಬೇಕಿದ್ದರೆ ಬೇರೆ ಕಾರ್ಡ್ ಮಾಡಿಸಿಕೊಳ್ಳಬಹುದು, ಸಹಿಗೆ ನಿಮ್ಮ ಅಡ್ಡಿಯಿಲ್ಲ.

ನಾನೂ ಅದನ್ನು ಬರೀ ಗ್ಯಾಸಿನ ವಿಷಯವೆಂದೇ ತಿಳಿದು ಮೊನ್ನೆ ತಾಲ್ಲೂಕು ಕಚೇರಿಗೆ ಹೋಗಿ ಬೇರೆ ಕಾರ್ಡಿಗೆ ಅರ್ಜಿ ಕೊಟ್ಟೆ. ಗುಮಾಸ್ತರಾದ ಬಸವಲಿಂಗಯ್ಯನವರು ತಲೆಯೆತ್ತದೆ, “ಮೇಡಂ, ಒಲೆ ಒಂದೇನಾ, ಬ್ಯಾರೆನಾ?” ಎಂದರು.

ಕಾನ್ವೆಂಟಿನಲ್ಲಿ ಓದಿದವಳು ನಾನು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟೆ. “ಎರಡಿವೆ. ಒಂದು ಕರೆಂಟಿಂದು, ಒಂದು ಸೀಮೆಎಣ್ಣೇದು.”

“ಎರಡಾ? ಅಂಗಾರೆ ನಿಮ್ ಯಜಮಾನ್ರು ನಂದೀಶ್ವರಯ್ಯ ಅನ್ನೋ ಹೆಸ್ರು ಇದ್ರಾಗೆ ಹೊಡೆದಾಕ್ಬುಡ್ತೀನಿ,” ಎಂದು ಪೆನ್ನಿನ ಕ್ಯಾಪು ತೆಗೆದರು.

ನನ್ನ ಹಿಂದೆ ನಿಂತಿದ್ದವಳು ನಮ್ಮ ಬೀದಿಗೆ ಹಾಲು ತರುವ ಗಿರಿಯಮ್ಮ. ನನ್ನ ಭುಜ ಹಿಡಿದು ಅಲ್ಲಾಡಿಸಿಬಿಟ್ಟಳು. “ಅಯ್ಯೋ ಮೇಡಮ್ಮ, ಅವ್ರು ಸೀಮೆಣ್ಣೆ ಒಲೆ ಕೇಳ್ಲಿಲ್ಲ ಕಣಮ್ಮ! ನೀನೂ ನಿನ್ ಗಂಡನೂ ಬ್ಯಾರೆ ಆದ್ರಾ ಅಂತ ಕೇಳ್ತಾವ್ರೆ!” ಸಾಲೆಲ್ಲ ನಕ್ಕಿತು. ಹಿಂದಿನಿಂದ ಯಾರೋ, “ಮಕ್ಳಿಗೆಲ್ಲ ಪಾಠ ಏಳ್ಕೊಡ್ತಾರೆ, ಒಲೆ ಅಂದ್ರೇನು ಅಂತ ಗೊತ್ತಿಲ್ವಲ್ಲ ಬುಡು!” ಎಂದರು. ನಾನೂ ನಕ್ಕೆ. ಆಮೇಲೆ ನಗು ನಿಂತಿತು. ಬಸವಲಿಂಗಯ್ಯನವರು ಈಗ ತಲೆಯೆತ್ತಿ ನೋಡುತ್ತಿದ್ದರು.

“ಈಗ ಹೇಳಿ ಮೇಡಂ. ಒಂದೇನಾ, ಬ್ಯಾರೆನಾ?”

ಸೋಮವಾರ ಬಂದು ಹೇಳುತ್ತೇನೆ ಎಂದೆ. “ಇದ್ರಾಗೆ ಯೋಚ್ನೆ ಮಾಡೋದೇನೈತೆ?” ಎಂದು ಅವರು ಪೆನ್ನು ಮುಚ್ಚಿದರು.

ಏನಿದೆ ಎಂದು ಎರಡು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನಾವು ಒಟ್ಟಿಗೆ ಉಣ್ಣುವುದಿಲ್ಲ. ಯಾರು ನೋಡಿದರೂ ಒಲೆ ಬೇರೆಯೇ. ಆದರೆ ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ನೀವೂ ಇಲ್ಲ, ನಾನೂ ಇಲ್ಲ. ಹೇಳದೆ ಉಳಿದ ಆ ಜಾಗದಲ್ಲೇ ನಾನು ಇಷ್ಟು ವರ್ಷ ವಾಸವಿದ್ದೆನೇನೋ. ಆ ಪೆನ್ನು ನಿಮ್ಮ ಹೆಸರಿನ ಮೇಲೆ ಬಂದಾಗ ನನಗಾದದ್ದು ನಾಚಿಕೆಯಲ್ಲ, ಭಯ.

ಆದ್ದರಿಂದ ಏಳೆಂಟು ರೂಪಾಯಿ ಹೆಚ್ಚಾದರೂ ನನಗೆ ಈ ಕರೆಂಟ್ ಒಲೆಯೇ ಇರಲಿ. ಇದು ಯಾರ ಕಾರ್ಡನ್ನೂ ಕೇಳುವುದಿಲ್ಲ. ನಿಮ್ಮ ಗ್ಯಾಸ್ ಒಲೆಗೆ ಎರಡು ಬರ್ನರ್ ಅಂತೆ. ನೀವು ಒಂದನ್ನೇ ಹಚ್ಚುತ್ತಿರಬೇಕು. ಶಾಲೆಗೆ ರಜೆ ಬಂದಾಗ ನಾನು ಶಿರಾಕ್ಕೆ ಬಂದರೆ ಇನ್ನೊಂದನ್ನು ಹಚ್ಚಬಹುದೇ? ಇದಕ್ಕೆ ಮಾತ್ರ ಲೆಕ್ಕ ಹಾಕದೆ ಉತ್ತರ ಬರೆಯಿರಿ.

ನಿಮ್ಮ
ಜಗದಾಂಬ

ಮತ್ತೆ: ಕಾಗದ ಇವತ್ತೇ ಮುಗಿದರೂ ಅಂಚೆಗೆ ಹಾಕುತ್ತಿಲ್ಲ. ನಿಮ್ಮ ಉತ್ತರ ನೋಡಿಕೊಂಡು ತೀರ್ಮಾನ ಮಾಡಿದೆನೆಂದು ನಾಳೆ ನನಗೇ ಅನ್ನಿಸಬಾರದು. ಮೊದಲು ಬಸವಲಿಂಗಯ್ಯನವರ ಎದುರು ನಿಂತು, ಆ ಸಾಲಿಗೆಲ್ಲ ಕೇಳುವಂತೆ, ಒಲೆ ಒಂದೇ ಎಂದು ಹೇಳಿ ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ. ಅಲ್ಲಿಂದ ನೇರವಾಗಿ ಅಂಚೆ ಕಚೇರಿಗೆ: ಸೋಮವಾರ, ೯ ನವೆಂಬರ್ ೧೯೮೭.