ಮುರಿಯದ ಬೀಗ

ಮಾರ್ಚ್ 3, ಬೆಳಿಗ್ಗೆ 6.15

ಶೆಡ್ಡಿನ ಬಾಗಿಲು ತೆಗೆಯುವ ಮೊದಲೇ ಅಪ್ಪ ಹಾಜರ್. ನಿನ್ನೆ ಹೆಂಡತಿ ಜೋಡಿಸಿಟ್ಟ ನಲವತ್ತು ಬೀಗ ಬೆಂಚಿನ ಮೇಲೆ. ಒಂದೊಂದನ್ನೂ ಕಿವಿಗೆ ಹಿಡಿದು ಕೀ ತಿರುಗಿಸುತ್ತಾರೆ. ಟಕ್ ಎಂದರೆ ಪಾಸು. ವಯಸ್ಸು ಎಂಬತ್ತು ದಾಟಿತು, ನಾವು ಕೂಗಿದರೂ ಸರಿಯಾಗಿ ಕೇಳುವುದಿಲ್ಲ, ಬೀಗದ ಟಕ್ ಮಾತ್ರ ಕೇಳುತ್ತದೆ. ಆಮೇಲೆ ಹತ್ತಕ್ಕೊಂದರಂತೆ ವೈಸಿನ ಇಕ್ಕಳಕ್ಕೆ ಕಚ್ಚಿಸಿ ಸುತ್ತಿಗೆಯಲ್ಲಿ ಇಪ್ಪತ್ತು ಏಟು. ಏನೂ ಆಗಲಿಲ್ಲ. ಆಗುವುದೂ ಇಲ್ಲ. ಅಪ್ಪನ ಡಿಸೈನು, ಅಪ್ಪನ ಅಚ್ಚು. ನಲವತ್ತೆರಡು ವರ್ಷದಲ್ಲಿ ಒಂದೇ ಒಂದು ಬೀಗ ಮುರಿದು ವಾಪಸು ಬಂದಿಲ್ಲ.

ನಿನ್ನೆ ಸಂಘದ ಅಧ್ಯಕ್ಷರ ಫೋನು. ಸಣ್ಣ ಉದ್ಯಮಿಗಳನ್ನು ವಿದೇಶಕ್ಕೆ ಕರೆದೊಯ್ಯುತ್ತಾರಂತೆ. ಟ್ರೇಡ್ ವಿಸಿಟ್. ಹನ್ನೆರಡು ಜನ, ಅದರಲ್ಲಿ ನಾನೊಬ್ಬ. “ಎಷ್ಟು ದಿನ ಅಂತ ಬಾವಿಕಪ್ಪೆ ಆಗಿರ್ತೀರಿ? ಬನ್ನಿ, ಕಣ್ ತೆರೆಯತ್ತೆ.” ಹೂಂ ಅಂದೆ. ವಿಮಾನದಲ್ಲಿ ಕೂರಬೇಕೆಂಬ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ.

ಮಾರ್ಚ್ 11, ಮಧ್ಯಾಹ್ನ

ದುಡಿಯುವ ಹೆಣ್ಣುಮಕ್ಕಳ ಹಾಸ್ಟೆಲಿನಿಂದ ವಾರ್ಡನ್ ಬಂದಿದ್ದರು. ಮುನ್ನೂರು ಬೀಗ ಬೇಕು, ಒಬ್ಬೊಬ್ಬಳ ಟ್ರಂಕಿಗೆ ಒಂದೊಂದು. ಅಪ್ಪ ಮಾತೇ ಆಡಲಿಲ್ಲ, ಸುತ್ತಿಗೆ ತೆಗೆದುಕೊಂಡರು. ಹತ್ತನೇ ಏಟಿಗೆ ಆಯಮ್ಮ ಕಿವಿ ಮುಚ್ಚಿಕೊಂಡು, “ಸಾಕು ಸಾಕು, ಇದೇ ಕೊಡಿ” ಎಂದರು. ಇಷ್ಟು ದೊಡ್ಡ ಆರ್ಡರು ನಾನು ಕಂಡಿಲ್ಲ.

ಪ್ರಯಾಣಕ್ಕೆ ಪೆಟ್ಟಿಗೆ ಕಟ್ಟುವಾಗ ಅಪ್ಪ ಆ ಸುತ್ತಿಗೆಯನ್ನೂ ಬಟ್ಟೆಯಲ್ಲಿ ಸುತ್ತಿ ತಂದರು. ಅಲ್ಲಿಯವರಿಗೂ ಹೊಡೆದು ತೋರಿಸಬೇಕಂತೆ. ಹೆಂಡತಿ ನನ್ನ ಅಂಗಿ ಮಡಚುತ್ತಾ ಕೇಳಿದಳು: “ಅಲ್ಲೂ ಸುತ್ತಿಗೆಯಿಂದ್ಲೇ ನೋಡ್ತಾರೇನ್ರೀ?”

ಬೇರೆ ಹೇಗೆ ನೋಡ್ತಾರೆ! ನಕ್ಕೆ.

ಮಾರ್ಚ್ 19, ಹೋಟೆಲು, ಬೆಳಿಗ್ಗೆ 7

ಎರಡು ದಿನದಿಂದ ನಡೆದದ್ದು ಕಾರ್ಡು ಹಂಚುವುದು, ಫೋಟೋ ತೆಗೆಸಿಕೊಳ್ಳುವುದು. ನೂರು ಕಾರ್ಡು ಕೊಟ್ಟೆ, ನೂರಾ ಹತ್ತು ಬಂದವು. ಯಾರು ಯಾರೆಂದು ದೇವರಿಗೇ ಗೊತ್ತು. ಅಧ್ಯಕ್ಷರು ಕಂಡ ಕಂಡವರ ಕೈ ಹಿಡಿದು ಕ್ಯಾಮೆರಾ ಕಡೆ ತಿರುಗುತ್ತಾರೆ. ನಿನ್ನೆ ಒಬ್ಬ ಲಿಫ್ಟ್ ರಿಪೇರಿಯವನು ಸಿಕ್ಕಿಬಿದ್ದ. ಪಾಪ, ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದ.

ರೂಮಿನಲ್ಲಿ ಜೊತೆಗಾರ ತಕ್ಕಡಿ. ತೂಕದ ಯಂತ್ರ ಮಾಡುವವನು, ನಾವೆಲ್ಲ ತಕ್ಕಡಿ ಎಂದೇ ಕರೆಯುವುದು. ಒಳ್ಳೆಯವನು. ಗೊರಕೆ ಮಾತ್ರ ಟನ್ ಲೆಕ್ಕ.

ನಾಳಿದ್ದು ಬೀಗ ಕೊಳ್ಳುವ ಕಂಪನಿಯೊಂದರ ಭೇಟಿ. ನಾನು ಬಂದದ್ದೇ ಇದಕ್ಕೆ.

ಮಾರ್ಚ್ 21, ಸಂಜೆ 4, ಬಸ್ಸಿನಲ್ಲಿ

ಅಕ್ಷರ ಸೊಟ್ಟಗೆ ಬೀಳುತ್ತಿವೆ. ರಸ್ತೆಯ ತಪ್ಪಲ್ಲ, ಇಲ್ಲಿಯ ರಸ್ತೆ ಬೆಣ್ಣೆ ಸವರಿದ ಹಾಗಿದೆ.

ಕಂಪನಿಯ ಟೆಸ್ಟಿಂಗ್ ರೂಮಿನಲ್ಲಿ ಇಪ್ಪತ್ತೈದರ ಒಬ್ಬ ಹುಡುಗಿ. ಜೊತೆಗೆ ಬಂದದ್ದು ತಕ್ಕಡಿ ಒಬ್ಬನೇ, ಉಳಿದವರು ಕೆಳಗೆ ಫೋಟೋ. ಬೀಗ ವೈಸಿಗೆ ಹಾಕಿದೆ, ಸುತ್ತಿಗೆ ತೆಗೆದೆ. ಇಪ್ಪತ್ತು ಏಟು. ಬೆವರು ಒರೆಸಿಕೊಂಡು ನೋಡಿದೆ. ಹುಡುಗಿ ಮುಗುಳುನಗುತ್ತಾ ನಿಂತಿದ್ದಳು. ಮಕ್ಕಳು ಪದ್ಯ ಹೇಳಿ ಮುಗಿಸುವ ತನಕ ಕಾಯುವುದಿಲ್ಲವೇ, ಹಾಗೆ. ಆಮೇಲೆ ತಾನು ಕುಡಿದಿಟ್ಟಿದ್ದ ಕೂಲ್‌ಡ್ರಿಂಕಿನ ಡಬ್ಬಿ ಎತ್ತಿಕೊಂಡಳು. ಕತ್ತರಿಯಲ್ಲಿ ಬೆರಳುದ್ದದ ತಗಡಿನ ಪಟ್ಟಿ ಕತ್ತರಿಸಿದಳು. ಬೀಗದ ಕೊಂಡಿಯ ಪಕ್ಕಕ್ಕೆ ತೂರಿಸಿ ಸ್ವಲ್ಪ ತಿರುಗಿಸಿದಳು.

ಟಕ್.

ಅಪ್ಪ ಕಿವಿಗಿಟ್ಟು ಕೇಳುತ್ತಾರಲ್ಲ, ಅದೇ ಟಕ್. ಗೋಡೆಯ ಮೇಲಿನ ಗಡಿಯಾರ ಎಣಿಸುತ್ತಿತ್ತು. ಹನ್ನೆರಡು ಸೆಕೆಂಡು.

ತಂದಿದ್ದ ಐದೂ ಬೀಗ ತೆಗೆದಳು. ಆಡಿಕೊಳ್ಳಲಿಲ್ಲ. ಹಾಗಾದರೂ ಮಾಡಿದ್ದರೆ ಸಿಟ್ಟು ಮಾಡಬಹುದಿತ್ತು. ಕಳ್ಳರು ಬೀಗ ಒಡೆಯುವ ಕಾಲ ಹೋಯಿತು, ಸದ್ದು ಮಾಡದೆ ತೆಗೆಯುತ್ತಾರೆ ಎಂದಳು, ನನಗೆ ಅರ್ಥವಾಗಲೆಂದು ನಿಧಾನದ ಇಂಗ್ಲಿಷಿನಲ್ಲಿ. ಒಂದು ಹಾಳೆ ಎಳೆದುಕೊಂಡು ಚಿತ್ರ ಬರೆದು ತೋರಿಸಿದಳು. ಕೊಂಡಿಯನ್ನು ಹಿಡಿದಿಡುವ ಒಳಗಿನ ಸ್ಪ್ರಿಂಗ್ ನಾಲಿಗೆಯ ಬದಲು ಎರಡು ಉಕ್ಕಿನ ಗುಂಡು ಕೂರಿಸಿದರೆ ಪಟ್ಟಿ ಹೋಗುವುದಿಲ್ಲ. ಸರಿ ಮಾಡಿ ಮತ್ತೆ ತನ್ನಿ, ಖಂಡಿತ ನೋಡೋಣ ಎಂದು ಹಾಳೆಯನ್ನೂ ಪಟ್ಟಿಯನ್ನೂ ನನ್ನ ಕೈಗಿಟ್ಟಳು.

ಮೆಟ್ಟಿಲಲ್ಲಿ ತಕ್ಕಡಿ ಹೆಗಲು ತಟ್ಟಿದ. “ನಾನೇನೂ ನೋಡ್ಲಿಲ್ಲ ಬಿಡು.”

ಮಾರ್ಚ್ 22

ಶಾಪಿಂಗ್ ದಿನ. ಬಸ್ಸಿನಿಂದ ಇಳಿಯಲಿಲ್ಲ.

ಮಾರ್ಚ್ 26, ಬೆಳಿಗ್ಗೆ 8

ಊರಿಗೆ ಬಂದು ಪಟ್ಟಿಯ ಕೆಲಸ ಅಪ್ಪನಿಗೆ ತೋರಿಸಿದೆ. ಮೊದಲ ಸಲ ನನ್ನ ಕೈ ಜಾರಿತು. ಎರಡನೇ ಸಲ ಟಕ್. ಹೆಂಡತಿ ಕೈಯಲ್ಲಿದ್ದ ಸ್ಪ್ರಿಂಗ್ ಡಬ್ಬಿ ಕೆಳಗಿಟ್ಟಳು.

ಅಪ್ಪ ಬೀಗ ತಿರುಗಿಸಿ ತಿರುಗಿಸಿ ನೋಡಿದರು.

“ಮುರೀತಾ?”

“ಇಲ್ಲಪ್ಪ.”

“ಮತ್ತೆ?”

ಹುಡುಗಿ ಚಿತ್ರ ಬರೆದುಕೊಟ್ಟ ಹಾಳೆ ಬಿಚ್ಚಿ ಮುಂದಿಟ್ಟೆ, ಅಚ್ಚು ಬದಲಾಯಿಸಬೇಕು ಎಂದೆ. ಹಾಳೆ ಮುಟ್ಟಲಿಲ್ಲ. “ಯಾವ್ದೋ ಮಗು ಗೀಚಿದ್ದು” ಎಂದು ಎದ್ದು ಹೋದರು.

ಮಾರ್ಚ್ 30

ಮೂರು ದಿನ ಅಪ್ಪ ಶೆಡ್ಡಿಗೆ ಬರಲಿಲ್ಲ. ಊಟ ಅರ್ಧಕ್ಕೆ ಬಿಡುತ್ತಿದ್ದರು. ನಿನ್ನೆ ಹೋಗಿ ಹೇಳಿದೆ: ಅಚ್ಚು ಮುಟ್ಟಲ್ಲ, ಬನ್ನಿ. ಇವತ್ತು ಆರಕ್ಕೇ ಬಂದು ಬೀಗ ಕಿವಿಗೆ ಹಿಡಿದರು. ಹಾಳೆ ಡ್ರಾಯರಿನಲ್ಲಿದೆ, ಪಟ್ಟಿ ಅದರ ಮಡಿಕೆಯಲ್ಲಿ.

ಏಪ್ರಿಲ್ 4, ಸಂಜೆ

ಹಾಸ್ಟೆಲಿಗೆ ಮುನ್ನೂರೂ ಮುಟ್ಟಿಸಿ ಬಂದೆ. ಹೊರಡುವ ಮುಂಚೆ ಹೆಂಡತಿ ಗಾಡಿಗೆ ಅಡ್ಡ ನಿಂತಿದ್ದಳು. “ಅವ್ರಿಗೆ ಹೇಳ್ಬಿಡ್ರೀ. ಎರಡು ತಿಂಗ್ಳು ಟೈಮ್ ಕೇಳಿ, ಸರಿ ಮಾಡಿ ಕೊಡೋಣ.” ನಮ್ಮೂರಲ್ಲಿ ಈ ಪಟ್ಟಿ ವಿದ್ಯೆ ಯಾರಿಗೆ ಗೊತ್ತು ಎಂದೆ. “ಈಗ ನಿಮಗೆ ಗೊತ್ತಲ್ಲ” ಎಂದು ದಾರಿ ಬಿಟ್ಟಳು.

ಟ್ರಂಕುಗಳಿಗೆ ಬೀಗ ಹಾಕಲು ಅಲ್ಲಿ ಕಸ ಗುಡಿಸುವಾಕೆ ಜೊತೆಗಿದ್ದಳು. ಹನ್ನೊಂದು ವರ್ಷದಿಂದ ಇದ್ದಾಳಂತೆ. ಒಂದು ಬೀಗ ಜಗ್ಗಿ ನೋಡಿ ಖುಷಿಯಾದಳು. “ಇನ್ಮೇಲೆ ನೆಮ್ಮದಿ ಅಣ್ಣ. ಒಂದು ಬಾಚಣಿಗೆ ಕಳೆದ್ರೂ ಎಲ್ರೂ ನನ್ ಮುಖಾನೇ ನೋಡೋರು.”

ಮನೆಗೆ ಹಾಕಿಕೋ ಎಂದು ಒಂದು ಬೀಗ ಹಾಗೇ ಕೊಟ್ಟೆ. ಎರಡು ಕೈ ಜೋಡಿಸಿದಳು. ಕೊಟ್ಟು ಪುಣ್ಯ ಕಟ್ಟಿಕೊಂಡವನ ಹಾಗೆ ಗಾಡಿ ಹತ್ತಿದೆ.

ಏಪ್ರಿಲ್ 20, ಭಾನುವಾರ, ಮಧ್ಯಾಹ್ನ 2

ಸಂಘದ ಸಭೆ. ನನ್ನ ಭಾಷಣ: “ಸಣ್ಣ ಉದ್ಯಮಿಗಳಿಗೆ ವಿದೇಶ ಭೇಟಿಯ ಲಾಭ.” ಕಾಲು ಗಂಟೆ ಮಾತಾಡಿದೆ. ಅಲ್ಲಿಯ ಶಿಸ್ತು, ಸಮಯಪ್ರಜ್ಞೆ, ಬೀದಿಯಲ್ಲಿ ಒಂದು ಕಾಗದದ ಚೂರೂ ಇಲ್ಲ... ನಮ್ಮ ಗುಣಮಟ್ಟ ಕಂಡು ಬೆರಗಾದರು ಎಂದೂ ಬುರುಡೆ ಬಿಟ್ಟೆ. ಮುಂದಿನ ಸಾಲಿನಲ್ಲಿ ಅಪ್ಪ. ಚಪ್ಪಾಳೆ ಅವರಿಗೂ ಕೇಳಿಸಿರಬೇಕು, ಕಣ್ಣೊರೆಸಿಕೊಂಡರು. ಅಧ್ಯಕ್ಷರು ಹೂಗುಚ್ಛ ಕೊಟ್ಟು ಫೋಟೋ ತೆಗೆಸಿಕೊಂಡರು.

ಹಿಂದಿನ ಸಾಲಿನಲ್ಲಿ ಕೂತಿದ್ದ ತಕ್ಕಡಿ ಆಮೇಲೆ ಪಕ್ಕಕ್ಕೆ ಕರೆದ. “ಚೆನ್ನಾಗ್ ಮಾತಾಡ್ದೆ. ನಾನು ಅಲ್ಲಿಂದ ಬಂದ್ಮೇಲೆ ನನ್ ಮಷೀನು ಮೂರು ಸಲ ಬಿಚ್ಚಿ ನೋಡ್ದೆ ಗೊತ್ತಾ? ಎರಡು ಕಡೆ ತಪ್ಪಿತ್ತು. ಸರಿ ಮಾಡ್ದೆ.” ನನ್ನ ಕಡೆ ತಿರುಗಿದ. “ನಿಂದು?”

ಹೂಗುಚ್ಛ ಸರಿಮಾಡಿಕೊಂಡೆ.

ಹೋಗಿ ಬಂದದ್ದರ ಲಾಭ ಒಂದೇ ಒಂದು. ಅದು ಡ್ರಾಯರಿನಲ್ಲಿ ಮಡಚಿ ಬಿದ್ದಿದೆ.

ಮೇ 30, ಬೆಳಿಗ್ಗೆ 11

ವಾರ್ಡನ್ ಫೋನು. ಹಾಸ್ಟೆಲಿನಲ್ಲಿ ಒಬ್ಬಳ ಟ್ರಂಕಿನಿಂದ ಬಳೆ, ಸರ ಹೋಗಿವೆ. ಅವರ ದನಿಯಲ್ಲಿ ಮಾತ್ರ ಮೆಚ್ಚುಗೆ!

“ನಿಮ್ ಬೀಗಕ್ಕೆ ಒಂದು ಗೀರೂ ಬಿದ್ದಿಲ್ಲ ನೋಡಿ. ಅದಕ್ಕೇ ಗೊತ್ತಾಯ್ತು, ಇದು ಕೀ ಕೈಗೆ ಸಿಗೋರ ಕೆಲ್ಸ ಅಂತ. ಡೂಪ್ಲಿಕೇಟ್ ಕೀ ಎಲ್ಲಾ ಆಫೀಸಲ್ಲಿರತ್ತೆ. ಅಲ್ಲಿಗೆ ಹೋಗೋದು ಗುಡಿಸೋಳು ಒಬ್ಳೇ.”

ಕೀ ಇಲ್ಲದೆ ಈ ಬೀಗ ತೆಗೆಯಲಾಗದು ಎಂದು ಲೆಟರ್‌ಹೆಡ್ ಮೇಲೆ ಬರೆದು ಕೊಡಬೇಕಂತೆ. ಕಮಿಟಿಗೆ ತೋರಿಸಲು. ನಾಳೆ ಯಾರನ್ನೋ ಕಳಿಸುತ್ತಾರೆ.

ಮೇ 31, ಬೆಳಿಗ್ಗೆ 9

“ಬರೀಬೇಡ್ರೀ,” ಎಂದಳು ಹೆಂಡತಿ. ಒಂದೇ ಸಲ.

ಅಪ್ಪ ಹೊಸ ಅಂಗಿ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. ತಾವೇ ಹೇಳಿ ಬರೆಸಿದರು. “ನಲವತ್ತೆರಡು ವರ್ಷ ಅಂತ ಮೊದಲೇ ಹಾಕು.” ಹಾಕಿದೆ. “ಕೀ ಇಲ್ಲದೆ ತೆಗೆಯುವುದು ಅಸಾಧ್ಯ ಅಂತ ಬರಿ.” ಪೆನ್ನು ನಿಂತಿತು. ಅಪ್ಪ ನನ್ನ ಮುಖ ನೋಡಿದರು. ಮಾರ್ಚ್ 26 ನೆನಪಿದೆ ಅವರಿಗೆ, ನನಗೆ ಗೊತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತು. ಆದರೂ ಕಾಗದವನ್ನು ನನ್ನತ್ತ ಇನ್ನಷ್ಟು ಸರಿಸಿದರು.

ಬರೆದೆ. ಸಹಿ, ಸೀಲು.

ಅಪ್ಪನಿಗಾಗಿ ಬರೆದೆ ಎಂದುಕೊಂಡರೆ ಹಗುರ. ಆದರೆ ಮುನ್ನೂರು ಬೀಗ ವಾಪಸು ಬರುವುದು, ಸಂಘದವರ ನಗು, ಆ ಹೂಗುಚ್ಛ... ಇವೂ ತಲೆಯಲ್ಲಿದ್ದವು.

ಜೂನ್ 2, ಮಧ್ಯಾಹ್ನ 3

ಬೆಳಿಗ್ಗೆ ಆಕೆಯೇ ಬಂದಳು. ಹಾಸ್ಟೆಲಿನಲ್ಲಿ ಕಸ ಗುಡಿಸುವಾಕೆ. ಜಗಳಕ್ಕೆ ಎಂದುಕೊಂಡೆ. ಜಗಳವಲ್ಲ. ನಿನ್ನೆ ಕೆಲಸದಿಂದ ತೆಗೆದು ಕೀ ಗೊಂಚಲು ಕಿತ್ತುಕೊಂಡಿದ್ದಾರೆ. ಅದರಲ್ಲೇ ಆಕೆಯ ಮನೆಯ ಕೀಯೂ ಇತ್ತು. ಸಾಕ್ಷಿಯಂತೆ, ಕೊಡುವುದಿಲ್ಲ ಎಂದರಂತೆ. ನಾನು ಕೊಟ್ಟಿದ್ದೆನಲ್ಲ, ಅದೇ ಬೀಗ ಬಾಗಿಲ ಮೇಲೆ. ಪಕ್ಕದ ಮನೆಯ ಜಗಲಿಯಲ್ಲಿ ಮಲಗಿ ಎದ್ದು ಬಂದಿದ್ದಾಳೆ.

“ಕೀ ಇಲ್ದೆ ತೆಗೆಯೋಕಾಗಲ್ಲ ಅಂತ ನೀವು ಬರೆದಿದ್ದು ಓದಿ ಹೇಳಿದ್ರು ಅಣ್ಣ. ನೀವು ಸುಳ್ಳು ಯಾಕೆ ಬರೀತೀರಿ. ಯಾರೋ ನನ್ ಕಣ್ಣು ತಪ್ಸಿ ಕೀ ತಗೊಂಡಿರ್ಬೇಕು... ನಾನಂತೂ ಮುಟ್ಟಿಲ್ಲ.” ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಮನೆ ಬಾಗ್ಲು ಒಂದು ಒಡೆದು ಕೊಡಿ.”

ಹೆಂಡತಿ ಎಲ್ಲ ಕೇಳಿಸಿಕೊಂಡಳು. ಡ್ರಾಯರ್ ತೆಗೆದು ಪಟ್ಟಿಯನ್ನು ನನ್ನ ಅಂಗಿ ಜೇಬಿಗೆ ಹಾಕಿದಳು. “ಅವಳ ಎದುರಿಗೇ ತೆಗೀರಿ. ಆಮೇಲೆ ಅವಳನ್ನ ಕರ್ಕೊಂಡು ಸೀದಾ ಹಾಸ್ಟೆಲಿಗೆ ಹೋಗಿ.” ಎರಡು ದಿನದಲ್ಲಿ ಮೊದಲ ಮಾತು. ಹೂಂ ಅಂದೆ. ನಿಜವಾಗಿ ಹಾಗೇ ಮಾಡಬೇಕೆಂದೇ ಹೊರಟೆ. ಬಾಗಿಲ ಹತ್ತಿರ ಏಕೋ ಸುತ್ತಿಗೆಯೂ ಕೈಗೆ ಬಂತು.

ಓಣಿಯಲ್ಲಿ ಕೊನೆಯ ಮನೆ. ಒಂದೇ ಕೋಣೆ. ಅಕ್ಕಪಕ್ಕದವರು ಸೇರಿದರು. ಯಾರೋ ಅಂದರು, ಇವ್ರೇ ಬೀಗದ ಫ್ಯಾಕ್ಟರಿಯವ್ರು, ಫಾರಿನ್ನಿಗೆಲ್ಲ ಹೋಗಿ ಬಂದವ್ರು. ಜೇಬಿಗೆ ಕೈ ಹಾಕಿದೆ. ಪಟ್ಟಿ ಬೆರಳಿಗೆ ತಾಕಿತು.

ಸುತ್ತಿಗೆ ಎತ್ತಿದೆ.

ಅರ್ಧ ಗಂಟೆ ಹೊಡೆದೆ. ಬೀಗ ಜಗ್ಗಲಿಲ್ಲ. ಎಂದಾದರೂ ಜಗ್ಗಿದೆಯೇ! ಕೊನೆಗೆ ಯಾರದೋ ಮನೆಯಿಂದ ಹಾರೆ ತರಿಸಿ ಚಿಲಕವನ್ನೇ ಮೀಟಿದೆ. ಬಾಗಿಲ ಹಲಗೆ ಮೇಲಿಂದ ಕೆಳಗೆ ಸೀಳಿತು. ಆಕೆ ಸೀಳಿದ ಹಲಗೆ ಸವರಿದಳು, ಬಿದ್ದ ಬೀಗ ಎತ್ತಿ ಧೂಳು ಒರೆಸಿದಳು.

“ಎಷ್ಟು ಗಟ್ಟಿ ನೋಡಿ ಅಣ್ಣ. ಬಾಗ್ಲೇ ಹೋಯ್ತು, ಇದಕ್ಕೇನೂ ಆಗಿಲ್ಲ.”

ಅಲ್ಲಿಂದ ಹೇಗೆ ಬಂದೆನೋ. ಹೇಡಿ. ಯಾರೂ ಓದದ ಜಾಗದಲ್ಲಾದರೂ ಬರೆದಿಡುತ್ತೇನೆ, ಹೇಡಿ. ಹನ್ನೆರಡು ಸೆಕೆಂಡಿನ ಕೆಲಸ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಇದ್ದಳು.

“ತೆಗೆದ್ರಾ?”

“ತೆಗೆದೆ.”

“ಹಾಸ್ಟೆಲಿಗೆ?”

“ವಾರ್ಡನ್ ಇರ್ಲಿಲ್ಲ. ನಾಳೆ.”

ಅವಳ ಮುಖ ಅರಳಿತು. ಎರಡು ತಿಂಗಳಾಗಿತ್ತು ಆ ಮುಖ ನೋಡಿ. ಕುಡಿಯಲು ನೀರು ತಂದುಕೊಟ್ಟಳು, ಅಚ್ಚಿನ ವಿಷಯ ಮಾವನಿಗೆ ನಾನು ಹೇಳ್ತೀನಿ ಬಿಡಿ ಎಂದಳು. ಲೋಟ ಕೆಳಗಿಟ್ಟು ಇದನ್ನು ಬರೆಯಲು ಕೂತೆ. ನಾಳೆ ನಿಜಕ್ಕೂ ಹೋಗಬಹುದು. ಹೋಗುತ್ತೇನೆ. ಹೋಗಿ ವಾರ್ಡನ್ ಎದುರಿಗೆ—

ಹೊರಗೆ ಯಾರದೋ ದನಿ. ಹೆಂಡತಿ ಹೋದಳು... ಆಕೆ. ಸುತ್ತಿಗೆ ಅಲ್ಲೇ ಮರೆತು ಬಂದಿದ್ದೆ, ಕೊಡಲು ಬಂದಿದ್ದಾಳೆ. ಹೆಂಡತಿ ಕೇಳುತ್ತಿದ್ದಾಳೆ:

“ಸುತ್ತಿಗೆ ಯಾಕೆ ಬೇಕಾಯ್ತು?”