ದಿಂಬಿನ ಪಕ್ಕದ ಗಡಿಯಾರ ತೆಗೆಸಿದ ಸಾಹೇಬರಿಗೆ ಒಬ್ಬ ಮದುಮಗಳ ಮನವಿ

ಗೆ,
ವಸತಿಗೃಹಗಳ ಸೌಕರ್ಯ ಪರಿಶೀಲನಾಧಿಕಾರಿಗಳು,
ಕಲಬುರಗಿ.

ಮಾನ್ಯರೇ,

ತಮ್ಮ ಒಂದು ಸುತ್ತೋಲೆಯ ದೆಸೆಯಿಂದ ನನ್ನ ಮದುವೆಗೆ ಮದುಮಗನೇ ಬರಲಿಲ್ಲ. ಬಾಜಾದವರು ಬಂದಿದ್ದರು, ಅಡುಗೆಯವರು ಬಂದಿದ್ದರು, ಕರೆಯದವರೂ ಬಂದು ಉಪ್ಪಿಟ್ಟು ತಿಂದು ಕೈ ತೊಳೆದುಕೊಂಡಿದ್ದರು. ಇಲ್ಲದಿದ್ದವರು ವರ ಮತ್ತು ಅವರ ದಿಬ್ಬಣ ಮಾತ್ರ. ಅವರು ತಮ್ಮ ಪರಿಶೀಲನೆಗೆ ಒಳಪಟ್ಟ, ಸೂಪರ್ ಮಾರ್ಕೆಟ್ ಹತ್ತಿರದ ಒಂದು ಲಾಡ್ಜಿನಲ್ಲಿ ಸುಖವಾಗಿ ಗೊರಕೆ ಹೊಡೆಯುತ್ತಿದ್ದರು.

"ಅತಿಥಿಗಳೆಲ್ಲರ ಬಳಿ ಮೊಬೈಲ್ ಇರುವುದರಿಂದ ಹಾಸಿಗೆಯ ಪಕ್ಕದ ಅಲಾರಂ ಗಡಿಯಾರಗಳು ಅನಗತ್ಯವೂ ಕೋಣೆಯ ಅಂದಗೆಡಿಸುವ ವಸ್ತುಗಳೂ ಆಗಿದ್ದು, ಕೂಡಲೇ ತೆರವುಗೊಳಿಸತಕ್ಕದ್ದು" ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಎಂಥ ದೂರದೃಷ್ಟಿ! ಮೊಬೈಲಿನಲ್ಲಿ ಟಾರ್ಚ್ ಇದೆ, ಕೋಣೆಯ ದೀಪಗಳನ್ನೇಕೆ ಉಳಿಸಿದಿರಿ? ಮುಂದಿನ ಕ್ಯಾಮೆರಾದಲ್ಲಿ ಮುಖ ಕಾಣುತ್ತದೆ, ಬಚ್ಚಲಿನ ಕನ್ನಡಿಯನ್ನೇಕೆ ಕೀಳಿಸಲಿಲ್ಲ? ಇನ್ನು ಅಂದದ ಮಾತು. ಗೋಡೆಯ ಮೇಲೆ ಎಲೆ ಅಡಿಕೆ ಉಗಿದ ಕಲೆಗಳು ಕಾಣದ ಕಣ್ಣಿಗೆ, ಪಾಪ, ಟಿಕ್ ಟಿಕ್ ಎನ್ನುತ್ತ ಮೂಲೆಯಲ್ಲಿ ಕುಳಿತ ಅಂಗೈಯಗಲದ ಗಡಿಯಾರವೊಂದೇ ಕುರೂಪವಾಗಿ ಕಂಡಿತೇ?

ಕೋಪದಲ್ಲಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಬರೆಯುವಾಗ ಹತ್ತು ಸಲ ನಕ್ಕಿದ್ದೇನೆ. ಆದರೆ ಆ ಬೆಳಿಗ್ಗೆ ನನಗೆ ನಗು ಬಂದಿರಲಿಲ್ಲ. ಏಕೆ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ನಾನು ಕಮಲಾಪುರದ ಭಾಗಪ್ಪನವರ ಮಗಳು, ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ವಯಸ್ಸು ಮೂವತ್ತಾರು. ನಮ್ಮ ಕಡೆ ಹೆಣ್ಣಿಗೆ ಈ ವಯಸ್ಸಾಯಿತೆಂದರೆ ಊರೆಲ್ಲ ಲೆಕ್ಕ ಹಾಕತೊಡಗುತ್ತದೆ. ನೋಡಲು ಬಂದವರು ಕಡಿಮೆಯೇನಲ್ಲ. ಚಹಾ ಕುಡಿದರು, ನಮ್ಮ ತೋಟದ ಕೆಂಪು ಬಾಳೆಹಣ್ಣು ತಿಂದರು, ಹೊರಡುವಾಗ ಒಂದು ಡಜನ್ ಕಟ್ಟಿಸಿಕೊಂಡರು, ಊರಿಗೆ ಹೋಗಿ "ಹುಡುಗಿ ಗಂಡಸರಂಗ ಸೀಟಿ ಹೊಡೀತಾಳ, ಬ್ಯಾಡ" ಎಂದು ಹೇಳಿ ಕಳಿಸಿದರು. ಕೊನೆಗೆ ಸಿಂದಗಿ ಕಡೆಯಿಂದ ಮಾಳಿಂಗ ಎಂಬವರು ಬಂದರು. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ನನ್ನ ಕೆಲಸದ ಬಗ್ಗೆ ಕೇಳಿ, "ಸೀಟಿ ಹೊಡದ್ರ ಹುಡುಗೂರು ಖರೇನ ನಿಲ್ತಾರ್ರಿ? ನಮ್ಮ ದನಾ ನಿಲ್ಲಂಗಿಲ್ಲ ನೋಡ್ರಿ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಒಳಗೆ ಹೋಗಿ ಅವ್ವನಿಗೆ, "ಇವರು ಆಗಬಹುದು" ಎಂದೆ.

ಮದುವೆ ಕಮಲಾಪುರದಲ್ಲಿ, ನಮ್ಮ ಮನೆಯ ಮುಂದಿನ ಹಂದರದಲ್ಲಿ. ಅಷ್ಟು ಜನ ಬೀಗರಿಗೆ ನಮ್ಮೂರಲ್ಲಿ ಇಳಿಯಲು ಜಾಗವಿಲ್ಲವಾದ್ದರಿಂದ ಹಿಂದಿನ ದಿನವೇ ಅವರನ್ನು ಕಲಬುರಗಿಯ ಲಾಡ್ಜಿನಲ್ಲಿ ಇಳಿಸಿದ್ದೆವು. ಬೆಳಿಗ್ಗೆ ಬೇಗ ಹೊರಟು ಹಂದರಕ್ಕೆ ಬರುವುದು, ಅರಿಶಿಣ, ಸುರಗಿಯ ಸ್ನಾನ ಮುಗಿಸಿ ವಧುವರರ ಮೇಲೆ ಅಕ್ಕಿಕಾಳು, ಆಮೇಲೆ ಹುಗ್ಗಿ ಊಟ ಎಂದು ಮಾತಾಗಿತ್ತು.

ಬೆಳಗಾಯಿತು, ಬೀಗರು ಬರಲಿಲ್ಲ. ಬಿಸಿಲೇರಿತು, ಬರಲಿಲ್ಲ. ನನ್ನ ತಮ್ಮ ರೇವಣ ವರನಿಗೆ ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ವರನ ಗೆಳೆಯರಿಗೆ, ಚಿಕ್ಕಪ್ಪಂದಿರಿಗೆ, ಗಾಡಿಯ ಡ್ರೈವರನಿಗೆ ಮಾಡಿದ. ಎಲ್ಲವೂ ರಿಂಗಾಗುತ್ತವೆ, ಒಬ್ಬರೂ ಎತ್ತುವುದಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿ ಲಾಡ್ಜಿಗೆ ಫೋನ್ ಮಾಡಿದರೆ ಅದು ಯಾವುದೋ ಟೈಲ್ಸ್ ಅಂಗಡಿಗೆ ಹೋಯಿತು. ಅಂಗಡಿಯಾತ ಬಚ್ಚಲಿಗೋ ಅಡುಗೆಮನೆಗೋ ಎಂದು ವಿಚಾರಿಸಿದ.

ಸಾಹೇಬರೇ, ಒಂದು ಫೋನ್ ಎತ್ತದಿದ್ದರೆ ಮರೆವು ಎನ್ನಬಹುದು. ಇಡೀ ದಿಬ್ಬಣವೇ ಎತ್ತದಿದ್ದರೆ ಜನ ಏನೆನ್ನುತ್ತಾರೆ? ಹಂದರದ ಮೂಲೆಯಲ್ಲಿ ಗುಸುಗುಸು ಶುರುವಾಯಿತು. ನಮ್ಮ ದೂರದ ಬಳಗದ ಹೆಂಗಸೊಬ್ಬಳು ಪಿಸುಮಾತು ಎಂದುಕೊಂಡು ಎಲ್ಲರಿಗೂ ಕೇಳುವಂತೆ, "ವರ ಓಡಿ ಹೋಗ್ಯಾನ ಬಿಡ್ರಿ, ಪಾಪ, ಹುಡುಗಿ ನಸೀಬ" ಎಂದಳು. ಅಪ್ಪ ಹಂದರದ ಕಂಬ ಹಿಡಿದು ನಿಂತಿದ್ದ. ಅವ್ವ ಒಲೆಯ ಮುಂದೆ ಸುಮ್ಮನೆ ಕುಳಿತುಬಿಟ್ಟಿದ್ದಳು. ಮೈಗೆ ಅರಿಶಿಣ ಹಚ್ಚಿಸಿಕೊಂಡು, ಕೈತುಂಬ ಹಸಿರು ಬಳೆ ತೊಟ್ಟು ನಾನು ದಾರಿ ನೋಡುತ್ತ ಕುಳಿತಿದ್ದೆ. ಇಷ್ಟು ವರ್ಷ ಬೇಡ ಎಂದವರು ಊರಿಗೆ ಹೋಗಿ ಬೇಡ ಎಂದಿದ್ದರು. ಇವರು ಹಂದರ ಹಾಕಿಸಿದ ಮೇಲೆ ಬೇಡ ಎಂದರೇ?

ಆಗ ರೇವಣ ತನ್ನ ಟೆಂಪೋದ ಚಾವಿ ತೆಗೆದುಕೊಂಡ. ಬಾಳೆಗೊನೆ ಸಾಗಿಸುವ ಟೆಂಪೋ. ನಾನೂ ಎದ್ದೆ.

"ಎಲ್ಲಿಗವ್ವಾ?" ಎಂದ ಅಪ್ಪ.

"ಕಲಬುರ್ಗಿಗಿ."

"ಅರಿಶಿಣ ಹಚ್ಚಿದ ಮ್ಯಾಲ ಹಂದರ ಬಿಟ್ಟು ಹೋಗಬಾರದು. ರೇವಣ ಹೋಗಿ ನೋಡಿ ಬರ್ತಾನ."

"ಅಪ್ಪಾ, ಅವರು ಬರಂಗಿಲ್ಲಂದ್ರ ಅವರ ಬಾಯಿಂದನ ಕೇಳ್ತೇನಿ. ಇನ್ನೊಬ್ಬರ ಕೈಲಿ ಹೇಳಿ ಕಳಿಸಿದ್ದು ಕೇಳಿ ಕೇಳಿ ಸಾಕಾಗ್ಯಾದ."

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಟೆಂಪೋದ ಸೀಟು ಒರೆಸಿದ.

ಹಿಂದೆ ಮದುವೆಗೆಂದು ತಂದ ಬಾಳೆಗೊನೆಗಳನ್ನು ಇಳಿಸಲು ಪುರುಸೊತ್ತೂ ಆಗಲಿಲ್ಲ. ಮುಂದೆ ಮದುಮಗಳು, ಹಿಂದೆ ಗೊನೆಗಳು. ರಸ್ತೆಯುದ್ದಕ್ಕೂ ಜನ ನಿಂತು ನೋಡಿದರು. ಸೂಪರ್ ಮಾರ್ಕೆಟ್ ಹತ್ತಿರ ಆಟೋಗಳ ನಡುವೆ ಟೆಂಪೋ ಸಿಕ್ಕಿಬಿತ್ತು. ನಾನು ಕೆಳಗಿಳಿದು, ಸೀರೆ ಎತ್ತಿ ಕಟ್ಟಿ, ಓಡಿದೆ. ಓಡುವುದನ್ನು ಕಲಿಸುವುದೇ ನನ್ನ ನೌಕರಿ.

ಲಾಡ್ಜಿನ ಮ್ಯಾನೇಜರ್ ಇಮಾಮುದ್ದೀನ್ ಎಂಬ ಹಿರಿಯರು. ಅರಿಶಿಣ ಬಳಿದುಕೊಂಡು ಏದುಸಿರು ಬಿಡುತ್ತ ನಿಂತ ನನ್ನನ್ನು ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು.

"ಯಾರು ಬೇಕ್ರಿ ಬಾಯಿ?"

"ನನ್ನ ಗಂಡ."

"ಹೆಸರು? ಯಾವಾಗ ಲಗ್ನ ಆಗ್ಯಾದ್ರಿ?"

"ಇನ್ನಾ ಆಗಿಲ್ರಿ! ಅದಕ್ಕ ಬಂದೀನಿ!"

ಅವರು ಗೋಡೆಗೆ ಒರಗಿ ನಿಂತು, "ಯಾ ಅಲ್ಲಾ! ಸಿಂದಗಿ ಬಾರಾತು ಇನ್ನಾ ಮ್ಯಾಲೇ ಅದರೀ! ಎಬ್ಬಸ್ರಿ ಅಂತ ಯಾರೂ ಹೇಳಿಲ್ಲ. ನಾನು ಹೊತ್ತಾಗಿ ಹೋಗ್ತಾರೇನೋ ಅಂತ ಸುಮ್ನಿದ್ದೆ" ಎಂದರು.

ಓಡಿ ಹೋಗಿರಲಿಲ್ಲ! ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತಿದೆ. ಬಾಗಿಲು ಬಡಿದೆ, ತೆರೆಯಲಿಲ್ಲ. ಪಕ್ಕದ ಬಾಗಿಲು ಬಡಿದೆ, ಅದೂ ತೆರೆಯಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ ನನ್ನ ಚಾವಿ ಗೊಂಚಲಲ್ಲಿ ಶಾಲೆಯ ಸೀಟಿ ಯಾವತ್ತೂ ಇರುತ್ತದೆ. ತೆಗೆದು, ಉಸಿರೆಳೆದುಕೊಂಡು, ತಾಲ್ಲೂಕು ಮಟ್ಟದ ಕಬಡ್ಡಿ ಫೈನಲ್‌ನಲ್ಲಿ ಊದುವಂತೆ ಊದಿದೆ.

ಮಾನ್ಯರೇ, ತಾವು ಅಲ್ಲಿರಬೇಕಿತ್ತು. ಆ ಮಾಳಿಗೆಯ ಬಾಗಿಲುಗಳೆಲ್ಲ ಒಮ್ಮೆಲೇ ತೆರೆದವು. ತೊಗರಿ ಖರೀದಿಗೆ ಬಂದಿದ್ದ ವ್ಯಾಪಾರಿಯೊಬ್ಬರು ಮುಖಕ್ಕೆ ಸಾಬೂನು ಹಚ್ಚಿಕೊಂಡೇ ಹೊರಬಂದರು. ಯಾವುದೋ ಮಗು ಚಪ್ಪಾಳೆ ತಟ್ಟಿತು. ಕೊನೆಯ ಬಾಗಿಲಿನಿಂದ ಲುಂಗಿ ಬಿಗಿ ಹಿಡಿದುಕೊಂಡು ನನ್ನ ವರ ಬಂದರು. ಕಣ್ಣುಜ್ಜಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಲಗ್ನ ಇಲ್ಲೇ ಇಟ್ಕೊಂಡೀರೇನ್ರಿ?" ಎಂದರು.

"ಹೊತ್ತು ನೆತ್ತಿ ಮ್ಯಾಲ ಬಂದದ!" ಎಂದೆ.

ಅವರ ಮುಖದ ಬಣ್ಣವೇ ಹೋಯಿತು. "ಮನ್ಯಾಗ ನಮ್ಮ ಎಮ್ಮಿ ಎಬ್ಬಸ್ತದ್ರಿ," ಎಂದರು, ಅಪರಾಧಿಯ ದನಿಯಲ್ಲಿ. "ಇಲ್ಲಿ ಎಮ್ಮಿ ಇಲ್ಲ."

ಹಾಗಾದರೆ ಫೋನುಗಳೆಲ್ಲಿ? ತಮ್ಮ ಸುತ್ತೋಲೆ ಭರವಸೆಯಿಟ್ಟ ಆ ಮೊಬೈಲುಗಳೆಲ್ಲಿ? ಅವು ವರನ ಸೋದರತ್ತೆ ಮಲ್ಕಮ್ಮನವರ ಟ್ರಂಕಿನಲ್ಲಿದ್ದವು. ಹುಡುಗರು ಫೋನ್ ನೋಡುತ್ತ ನಿದ್ದೆಗೆಡುತ್ತಾರೆ, ನಾಳೆ ಫೋಟೋದಲ್ಲಿ ಕಣ್ಣು ಕೆಂಪಾಗಿ ಕಾಣುತ್ತವೆ ಎಂದು ಅವರು ಹಿಂದಿನ ಸಂಜೆಯೇ ಎಲ್ಲರ ಫೋನನ್ನೂ ಕಸಿದುಕೊಂಡು, ಗಂಟು ಕಟ್ಟಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದರು. ಡ್ರೈವರನದನ್ನೂ ಬಿಟ್ಟಿರಲಿಲ್ಲ. ನಾವು ಅತ್ತೆಯ ಕೋಣೆಗೆ ಹೋದಾಗ ಟ್ರಂಕು ಜಾತ್ರೆಯಂತೆ ಕೂಗುತ್ತಿತ್ತು: ಒಂದರಲ್ಲಿ ಭಜನೆ, ಒಂದರಲ್ಲಿ ಸಿನಿಮಾ ಹಾಡು, ಒಂದರಲ್ಲಿ ಕೋಳಿ. ಅದರ ಪಕ್ಕದಲ್ಲಿ ಮಲ್ಕಮ್ಮನವರು ಸ್ನಾನ ಮಾಡಿ, ಇಳಕಲ್ಲ ಸೀರೆ ಉಟ್ಟು, ಮಂಚದ ಮೇಲೆ ನೆಟ್ಟಗೆ ಕುಳಿತಿದ್ದರು. ಕಿವಿಯ ಮಷೀನು ಕರ್ಚೀಫಿನಲ್ಲಿತ್ತು.

ಅವರು ಮಷೀನು ಹಾಕಿಕೊಳ್ಳುವವರೆಗೂ ಕಾದು ವರ ಕೂಗಿದರು, "ಅತ್ತೀ, ಎದ್ದು ಕುಂತೀರಿ, ಯಾಕ ಎಬ್ಬಸಿಲ್ಲ?"

"ಎಷ್ಟಾಗ್ಯಾದ ಅಂತ ನನಗೇನು ಗೊತ್ತೋ? ಹೊತ್ತು ನೋಡಬೇಕಂದ್ರ ಕಿಡಕ್ಯಾಗ ಬರೇ ಬಾಜೂ ಬಿಲ್ಡಿಂಗಿನ ಗ್ವಾಡಿ ಕಾಣ್ತದ, ನಮ್ಮ ಯಾವ ಖೋಲಿಗೂ ಬಿಸಲ ಬರಂಗಿಲ್ಲ. ಹೋದ ಸಲ ಬಂದಾಗ ಇಲ್ಲೇ ತಲಿದಿಂಬಿನ ಬಾಜೂ ಗಡಿಯಾರ ಇತ್ತು. ಅದು ಇರ್ತದಂತ ತಿಳದೇ ಫೋನ್ ಕಸಗೊಂಡ್ನಿ. ಈಗ ನೋಡಿದ್ರ ಮಾಯ! ಯಾರರೆ ಬಂದು ಕರೀತಾರಂತ ಕುಂತೀನಿ."

"ಮಷೀನ್ ಯಾಕ ತಗದ್ರಿ?" ಎಂದು ನಾನು ಕೇಳಿದೆ.

"ಸೆಲ್ಲು ಖರ್ಚಾದ್ರ ಲಗ್ನದಾಗ ಮಂತ್ರ ಹ್ಯಾಂಗ ಕೇಳ್ಲೆವ್ವಾ?" ಎಂದವರು, ಆಗ ನನ್ನನ್ನು ಸರಿಯಾಗಿ ನೋಡಿ, "ಅಯ್ಯ, ನೀ ಮದಮಗಳಲ್ಲೇನು? ನೀ ಯಾಕ ಬಂದಿ?" ಎಂದರು.

ಇಮಾಮುದ್ದೀನರು ನೊಂದುಕೊಂಡು ಹೇಳಿದರು: "ಗಡಿಯಾರ ಎಲ್ಲಾ ಸ್ಟೋರಿನ್ಯಾಗ ಒಟ್ಟೀವ್ರಿ. ಸಾಹೇಬರ ಹುಕುಂ ಅದ. ನಾ ಹೇಳ್ದೆ, ಸಾಬ್, ಮುದುಕರು ಬರ್ತಾರ, ಬೇಮಾರಿ ಆದವರು ಬರ್ತಾರ, ಇರ್ಲಿ ಅಂತ. ಕೇಳಿಲ್ರಿ."

ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ದಿಬ್ಬಣದ ಗಾಡಿಗೆ ಜನ ಹತ್ತುವಷ್ಟರಲ್ಲಿ ಇನ್ನಷ್ಟು ತಡವಾಗುತ್ತದೆಂದು ವರನನ್ನು ನಮ್ಮ ಟೆಂಪೋದಲ್ಲೇ ಕೂರಿಸಿಕೊಂಡೆವು. ತಲೆಗೆ ಪಟಕಾ ಸುತ್ತಿಕೊಳ್ಳಲು ಅವರು ಟೆಂಪೋದ ಕನ್ನಡಿ ನೋಡಿದರು. ಗಾಳಿಗೆ ಪಟಕಾ ಬಿಚ್ಚಿ ಕಿಟಕಿಯಿಂದ ಆಚೆ ಬಾವುಟದಂತೆ ಹಾರಿತು. ನಾನು ಒಂದು ತುದಿ ಹಿಡಿದೆ, ಅವರು ಇನ್ನೊಂದು ತುದಿ ಹಿಡಿದರು. ರೇವಣ ಸ್ಟೀರಿಂಗ್ ಹಿಡಿದು ಬಿದ್ದು ಬಿದ್ದು ನಕ್ಕ. ದಾರಿಯಲ್ಲಿ ಅವರು ಮೆಲ್ಲಗೆ ಕೇಳಿದರು, "ನಾ ಓಡಿ ಹೋಗೀನಿ ಅಂತ ತಿಳಕೊಂಡ್ರೇನ್ರಿ?"

"ಹೌದ್ರಿ," ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಆದ್ರೂ ಬಂದ್ರಿ."

"ಬಂದೆ."

ಕಮಲಾಪುರ ಬರುವವರೆಗೂ ಅವರು ಪಟಕಾದ ತುದಿಯನ್ನು ಬಿಡಲಿಲ್ಲ.

ಗಳಿಗೆ ಮೀರಿತ್ತು. ಅಪ್ಪ ಕೈಮುಗಿದು ಮಂತ್ರ ಹೇಳುವ ಅಯ್ಯನವರ ಮುಖ ನೋಡಿದ. ಆ ಹಿರಿಯರು ಪಂಚಾಂಗ ಮಡಚಿಟ್ಟು, "ಹುಡುಗಿ ತಾನ ಹೋಗಿ ಹುಡುಗನ್ನ ಕರಕೊಂಡು ಬಂದಾಳ. ಇನ್ನ ಯಾವ ಗಳಿಗಿ ಹುಡುಕ್ತೀರಿ? ಅಕ್ಕಿಕಾಳು ತರ್ರಿ!" ಎಂದರು. ಮಲ್ಕಮ್ಮತ್ತೆ ಎಲ್ಲರಿಗಿಂತ ಮುಂದೆ ನಿಂತು ಪ್ರತಿ ಮಂತ್ರ ಕೇಳಿಸಿಕೊಂಡರು. ಓಡಿ ಹೋಗ್ಯಾನ ಎಂದಿದ್ದ ಬಳಗದಾಕೆ ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡಳು.

ಮದುವೆಯಾದ ಮೇಲೆ ನಾವಿಬ್ಬರೂ ತಮ್ಮ ಕಚೇರಿಗೆ ಬಂದಿದ್ದೆವು. ತಮ್ಮ ದರ್ಶನವಾಗಲಿಲ್ಲ. "ಸಾಹೇಬರು ಊಟಕ್ಕ ಹೋಗ್ಯಾರ, ಟೈಮ್ ನೋಡ್ರಲ್ಲ" ಎಂದು ಸಿಬ್ಬಂದಿ ಗೋಡೆಯತ್ತ ಕೈ ತೋರಿಸಿದರು. ಅಲ್ಲಿ ತಟ್ಟೆಯಗಲದ ಗಡಿಯಾರ! ತಮ್ಮ ಮೇಜಿನ ಮೇಲೆ ಇನ್ನೊಂದು! ತಮ್ಮ ಬಳಿ ಮೊಬೈಲ್ ಇಲ್ಲವೇ ಸ್ವಾಮಿ? ತಮ್ಮ ಊಟದ ಹೊತ್ತು ತಪ್ಪದಿರಲು ಎರಡು ಗಡಿಯಾರ ಬೇಕು, ಜನರ ಮದುವೆಯ ಹೊತ್ತಿಗೆ ಒಂದೂ ಬೇಡವೇ?

ನ್ಯಾಯವಾಗಿ ಹೇಳಬೇಕೆಂದರೆ ಆ ಗಡಿಯಾರಗಳೇನೂ ಸಾಧುಗಳಲ್ಲ. ಹಿಂದಿನ ಗಿರಾಕಿ ಇಟ್ಟುಹೋದ ಅಲಾರಂ ಮುಂದಿನವನನ್ನು ಎಬ್ಬಿಸಿ ಬೈಸಿಕೊಂಡದ್ದುಂಟು. ಕೆಲವು ಮುಂದೆ ಓಡುತ್ತವೆ, ಕೆಲವು ನಿಂತೇಬಿಡುತ್ತವೆ. ಅದಕ್ಕೆ ಮದ್ದು ಹೊಸ ಸೆಲ್ಲು, ಕೋಣೆ ಗುಡಿಸುವಾಗ ಒಮ್ಮೆ ಮುಳ್ಳು ತಿರುಗಿಸುವ ಕೈ. ಫೋನ್ ಕಳೆಯುತ್ತದೆ, ಚಾರ್ಜ್ ಮುಗಿಯುತ್ತದೆ, ಬಿದ್ದು ಒಡೆಯುತ್ತದೆ. ಆಪರೇಷನ್ನಿಗೆಂದು ಬೆಳಗಿನಲ್ಲಿ ಆಸ್ಪತ್ರೆ ಮುಟ್ಟಬೇಕಾದವರು, ಪರೀಕ್ಷೆ ಬರೆಯಲು ಬಂದವರು, ಫೋನಿನಲ್ಲಿ ಹಸಿರು ಗುಂಡಿ ಕೆಂಪು ಗುಂಡಿ ಮಾತ್ರ ಗೊತ್ತಿರುವ ನಮ್ಮ ಅವ್ವಂದಿರು ಲಾಡ್ಜಿನಲ್ಲಿ ಇಳಿಯುತ್ತಾರೆ. ಅವರೆಲ್ಲರಿಗೂ ನನ್ನಂತೆ ಸೀಟಿ ಹಿಡಿದು ಓಡಿಬರುವವರು ಇರುತ್ತಾರೆಯೇ?

ಆದ್ದರಿಂದ ನನ್ನ ಬೇಡಿಕೆ ಒಂದೇ. ಸ್ಟೋರಿನಲ್ಲಿ ಒಟ್ಟಿದ ಆ ಗಡಿಯಾರಗಳನ್ನು ಸೆಲ್ಲು ಹಾಕಿಸಿ, ಒಂದೊಂದು ದಿಂಬಿನ ಪಕ್ಕ ಒಂದೊಂದರಂತೆ, ಬರುವ ಬಸವ ಜಯಂತಿಯೊಳಗೆ ಮರಳಿ ಇಡಿಸಿ. ಆ ಗಡುವು ಏಕೆಂದು ಕೇಳುತ್ತೀರಾ? ನಮ್ಮ ರೇವಣನಿಗೂ ಹೆಣ್ಣು ಗೊತ್ತಾಗಿದೆ. ಹೆಣ್ಣು ಕಲಬುರಗಿಯ ಶಹಾಬಜಾರದವಳು. ಈ ಸಲ ದಿಬ್ಬಣದವರು ನಾವು, ಲಾಡ್ಜಿನಲ್ಲಿ ಮಲಗುವವರೂ ನಾವು. ಆ ಹುಡುಗಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಬಲು ಮೆತ್ತಗೆ ಮಾತಾಡುತ್ತಾಳೆ. ಅವಳ ದನಿಗೆ ನಮ್ಮ ಮನೆಯವರಲ್ಲಿ ಒಬ್ಬರೂ ಏಳುವುದಿಲ್ಲ.

ಇಂತಿ,
ತಮ್ಮ ಸುತ್ತೋಲೆಯ ಕೃಪೆಯಿಂದ ಮದುವೆಯ ಒಂದು ಫೋಟೋದಲ್ಲೂ ತಲೆಗೂದಲು ನೆಟ್ಟಗಿಲ್ಲದ,
ಭುವನೇಶ್ವರಿ
ದೈಹಿಕ ಶಿಕ್ಷಣ ಶಿಕ್ಷಕಿ, ಕಮಲಾಪುರ