ಕೌದಿಯ ಒಳಪದರ

ಕುಕನೂರು,
ಗುರುವಾರ, ೧೨ ಜನವರಿ ೧೯೩೯

ನನ್ನ ಮುದ್ದಿನ ತಂಗಿ ಅನ್ನಮ್ಮಗ ನಿನ್ನ ಅಕ್ಕ ಕಳಕಮ್ಮ ಮಾಡುವ ಆಶೀರ್ವಾದ. ನಾವು ಇದ್ದೀವಿ. ತಾವರಗೇರಿಯಾಗ ನೀವು ಹೆಂಗದೀರಿ, ಕೂಸು ಹೆಂಗೈತಿ, ಈ ಪತ್ರ ತಂದವರ ಕೈಯಾಗ ಕೂಡಲೇ ಬರದು ಕಳಿಸು.

ಕೌದಿ ಹೊಲಿಯಾಕ ಎಂಥಾ ಮಷೀನು ತಗೋಬೇಕಂತ ಕೇಳಿದ್ದಿ. ನೀ ಸಣ್ಣಾಕಿ ಇದ್ದಾಗಿಂದ ಬಣ್ಣಕ್ಕ ಬೀಳಾಕಿ. ಅಂಗಡಿಯವ ಹೂವಿನ ಚಿತ್ರ, ಬಂಗಾರದ ಗೆರಿ ತೋರಿಸಿದ್ರ ಮರುಳಾಗಬ್ಯಾಡ. ಮ್ಯಾಲ ಥಳಕು ಒಳಗ ಹುಳುಕು ಅಂತಾರಲ್ಲ, ಹಂಗ. ಸೂಜಿಗೂ ಗಾಲಿ ಕಡೆ ಕಂಬಕ್ಕೂ ನಡುವ ಎಷ್ಟು ಜಾಗಾ ಐತಿ ನೋಡು. ಸುತ್ತಿದ ಕೌದಿ ಅಲ್ಲೇ ತೂರಿಸಬೇಕು. ನನ್ನದು ಒಂದು ಗೇಣಿಲ್ಲ, ನಡುವಿನ ಸಾಲು ಹೊಲಿಯೂದ್ರಾಗ ರಟ್ಟಿ ಬಿದ್ದು ಹೋಗತಾವ. ಬಟ್ಟಿ ಒತ್ತಿ ಹಿಡಿಯೋ ಪಾದ ಎತ್ತರ ಏಳಬೇಕು, ಏಳೆಂಟು ಪದರ ಹೋಗಬೇಕಲ್ಲ. ಕಾಲಿಲೆ ತುಳಿಯೋ ಮಷೀನೇ ತಗೋ, ಕೌದಿ ಹಿಡಿಯಾಕ ಎರಡೂ ಕೈ ಬೇಕು. ಹೊಲಿಗಿ ಉದ್ದ ಮಾಡೋ ತಿರುಪು ಇರಲಿ.

ಆದ್ರ ಒಂದು ಮಾತು. ಕೈಲೆ ಹೊಲಿಯುವಾಗ ತಿಂಗಳಿಗೊಂದು ಕೌದಿ, ಯಾವ ತುಂಡು ಯಾರ ಸೀರಿ ಅಂತ ಗೊತ್ತಿರತಿತ್ತು. ಮಷೀನು ನಾಕು ದಿನಕ್ಕೊಂದು ಮುಗಿಸಿ ಮತ್ತ ಬಾಯಿ ತಗದು ಕುಂತಿರತೈತಿ. ಓಣ್ಯಾಗಿನ ಹಳೆ ಸೀರಿ ದೀಪಾವಳಿಗೇ ತೀರಿದ್ವು. ಆಮ್ಯಾಲ ಸಂತ್ಯಾಗ ಒಬ್ಬಾತನ ಕಡಿಂದ ಹಳೆ ಬಟ್ಟಿ ಗಂಟುಗಟ್ಟಲೆ ತಂದೆ. ಅಂವ ಹೋದ ಸಂತಿಗೆ ಬರಲಿಲ್ಲ.

ಮಷೀನು ಈಗ ಮನ್ಯಾಗೈತಿ, ಬಾಗಲಕ್ಕ ಕೀಲಿ ಹಾಕೀವಿ. ನಾವು ಮೊನ್ನೆಯಿಂದ ಹೊಲದಾಗ ಗುಡಸಲು ಹಾಕ್ಕೊಂಡೀವಿ. ಜ್ವಾಳ ಕಾಯಾಕ ಅಂತ ತಿಳಕೋ. ಓಣಿಯವರೆಲ್ಲ ಜ್ವಾಳ ಕಾಯಾಕ ಬಂದಾರ, ಹೊಲ ಇಲ್ಲದವರೂ.

ಕೂಸಿಗೆ ಕಳಿಸಿದ ಕೌದಿ ಮಾತ್ರ ಈ ಪತ್ರ ತಂದ ಗಾಡ್ಯಾಗ ವಾಪಸ್ ಕಳಿಸು. ಅದರಾಗ ಹೊಲಿಗಿ ತಪ್ಪೈತಿ, ಬಿಚ್ಚಿ ಹೊಲಿದು ಕೊಡತೀನಿ. ಇನ್ನ ಕೂಸಿಗೆ ಹೊಚ್ಚಬ್ಯಾಡ, ನೀನೂ ಮುಟ್ಟಬ್ಯಾಡ. ಕೋಲಿಲೆ ಎತ್ತಿ ಗೋಣಿಚೀಲಕ್ಕ ಹಾಕು. ಯಾಕಂತ ಕೇಳಬ್ಯಾಡ. ನಿಮ್ಮ ಅತ್ತಿ ಮುಂದ ಈ ಪತ್ರ ಓದಬ್ಯಾಡ.

ನಿನ್ನ ಅಕ್ಕ,
ಕಳಕಮ್ಮ

ತಾ.ಕ.: ಗಾಡಿ ತಂದವ ನಮ್ಮ ನೆರಮನಿ ಹುಸೇನಬೀಯ ಗಂಡ. ಆಕಿಗೆ ಇದನ್ನ ಓದಿ ಹೇಳಿದೆ. ಖರೇ ಬರಿಯೂತನಕ ಗಾಡಿ ಹೂಡಾಕ ಬಿಡೂದಿಲ್ಲ ಅಂತ ಎತ್ತಿನ ಮುಂದ ನಿಂತಾಳ. ಬರೀತೀನಿ. ಕೂಸಿನ ಕೌದಿಗೆ ಮನಿ ಹೆಣ್ಮಕ್ಕಳ ಸೀರಿಯಷ್ಟ ಹಾಕಬೇಕಂತ ನಿಮ್ಮ ಅತ್ತಿ ಹೇಳಿದ್ರು. ಎಲ್ಲಾ ನಮ್ಮ ಅವ್ವನ ಸೀರಿ ಅಂತ ಅವರ ಮುಂದ ಆಣಿ ಮಾಡಿದ್ದೆ. ಮ್ಯಾಲಿನ ಪದರಷ್ಟ ಅವ್ವಂದು, ಒಳಗಿನವು ಸಂತ್ಯಾಗ ತಂದವು. ಪ್ಲೇಗಿನಾಗ ಸತ್ತವರ ಮನಿಯಿಂದ ತರತಿದ್ನಂತ ಆ ಬಟ್ಟಿ ಮಾರಾವ. ಮಂಗಳವಾರ ಅಂವನೂ ತೀರಿಕೊಂಡ ಅಂತ ಇವತ್ತ ಮುಂಜಾನಿ ಸುದ್ದಿ ಬಂತು. ನಮ್ಮೂರಾಗೂ ಪ್ಲೇಗು ಐತಿ, ಅದಕ್ಕ ಹೊಲದಾಗ ಇದ್ದೀವಿ. ಕೌದಿ ಕಳಿಸಬ್ಯಾಡ, ಅಲ್ಲೇ ಸುಡು. ಅವ್ವನ ನೆನಪು ಅಂತ ಮ್ಯಾಲಿನ ಪದರ ಉಳಿಸಿಕೋಬ್ಯಾಡ. ನನಗ ಭಾಳ ಅಂಜಿಕಿ ಆಗೇತಿ ಅನ್ನಮ್ಮ. ಅಕ್ಕನ ಕೌದಿ ಹೊಚ್ಚಿದ್ರ ಕೂಸು ಅಳೂದ ಬಿಟ್ಟು ಹಗಲೆಲ್ಲ ಮಲಗೇ ಇರತೈತಿ ಅಂತ ಖುಷಿಲೆ ಬರದಿದ್ದಿ. ಈ ಪತ್ರ ಕೆಳಗಿಡು, ಮೊದಲು ಕೂಸನ್ನ ಎಬ್ಬಿಸು.